ಜಪಾನೀ ವಂಶಶೋಧನೆಯಲ್ಲಿ ಮನೆತನದ ಲಾಂಛನದ ಪ್ರಾಮಾಣ್ಯ

ಜಪಾನಿನಲ್ಲಿ ಮನೆತನಕ್ಕೊಂದು ಲಾಂಛನವಿರುವುದು ವಾಡಿಕೆ. ಅದಕ್ಕೆ 'ಕಮೊನ್' ಎಂದು ಹೆಸರು. 'ಕ' ಎಂದರೆ ಮನೆ, 'ಮೊನ್' ಎಂದರೆ ಚಿಹ್ನೆ. ವಿಶೇಷ ಸಮಾರಂಭಗಳ ಉಡುಪಿನ ಮೇಲೂ ಗೋರಿಕಲ್ಲುಗಳ ಮೇಲೂ ಇದನ್ನು ಕಾಣಬಹುದು. 1885ರಲ್ಲಿ ಸರ್ಕಾರದ ಒಪ್ಪಂದದ ಮೇಲೆ ಹವಾಯಿಯ ಕಬ್ಬಿನ ತೋಟಗಳಿಗೂ, 1908ರಲ್ಲಿ ಬ್ರೆಜಿಲಿನ ಕಾಫಿ ತೋಟಗಳಿಗೂ ಜಪಾನೀ ಕೂಲಿಗಾರರ ವಲಸೆ ಆರಂಭವಾಯಿತು. ಹೀಗೆ ಹೋಗಿ ನೆಲೆಸಿದವರ ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಮೂಲವನ್ನು ಅರಸಹೊರಟಾಗ, ಲಾಂಛನ ದೊರೆತರೆ ವಂಶವೇ ದೊರೆತಂತಾಯಿತೆಂದು ಭಾವಿಸುವುದುಂಟು. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಲಾಂಛನವೆಂದೊಡನೆ ಚಾಲುಕ್ಯರ ವರಾಹವೋ ಮೈಸೂರರಸರ ಗಂಡಭೇರುಂಡವೋ ನಮ್ಮ ನೆನಪಿಗೆ ಬರುವುದು ಸಹಜ. ಜಪಾನಿನ ಲಾಂಛನವೂ ಮೊದಲು ದೊಡ್ಡವರದಾಗಿಯೇ ಹುಟ್ಟಿತು. ಹೇಯಾನ್ ಯುಗದಲ್ಲಿ (794–1185) ಆಸ್ಥಾನದ ಶ್ರೀಮಂತರು ಅದನ್ನು ತಮ್ಮ ಎತ್ತಿನ ಬಂಡಿಗಳ ಮೇಲೆ ಬರೆಯಿಸಿದರು. ಬಳಿಕ ಯೋಧರು ಧ್ವಜಗಳ ಮೇಲೂ ಪಾಳೆಯದ ಪರದೆಗಳ ಮೇಲೂ ಧರಿಸಿದರು. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಎದೊ ಯುಗದಲ್ಲಿ (1603–1868) ರೈತರಿಗೂ ವರ್ತಕರಿಗೂ ಮನೆತನದ ಹೆಸರನ್ನು ಬಹಿರಂಗವಾಗಿ ಬಳಸಲು ಸಾಮಾನ್ಯವಾಗಿ ಅನುಮತಿಯಿರಲಿಲ್ಲ. ಲಾಂಛನಕ್ಕೆ ಮಾತ್ರ ಅಂಥ ಅಡ್ಡಿಯಿರಲಿಲ್ಲ. ತೊಕುಗಾವ ಮನೆತನದ ಮೂರೆಲೆಯ 'ಅಓಯಿ' ಚಿಹ್ನೆಯಂಥ ಕೆಲವನ್ನು ಬಿಟ್ಟರೆ ಉಳಿದವನ್ನು ವರ್ತಕರೂ ನಾಟಕದ ನಟರೂ ನಿರಾತಂಕವಾಗಿ ಬಳಸಿದರು. ಚಕ್ರವರ್ತಿಯ ಸೇವಂತಿಗೆ ಹೂವಿನ ಲಾಂಛನವನ್ನು ಇತರರು ಬಳಸಬಾರದೆಂಬ ಆಜ್ಞೆ ಹೊರಟುದು 1871ರಲ್ಲಿ. ಆದುದರಿಂದ ಮನೆಯಲ್ಲಿ ಲಾಂಛನವಿದೆಯೆಂಬ ಮಾತ್ರಕ್ಕೆ ಪೂರ್ವಿಕರು ಸಾಮುರಾಯಿಗಳಾಗಿದ್ದರೆಂದು ಹೇಳಲಾಗದು.

ಲಾಂಛನವನ್ನು ಸ್ವತಂತ್ರ ಪ್ರಮಾಣವೆಂದು ಒಪ್ಪದಿರಲು ಇನ್ನೂ ಮೂರು ಕಾರಣಗಳಿವೆ. ಮೊದಲನೆಯದಾಗಿ, ಒಂದೇ ಚಿಹ್ನೆ ಪರಸ್ಪರ ಸಂಬಂಧವಿಲ್ಲದ ಅಸಂಖ್ಯ ಮನೆತನಗಳಲ್ಲಿದೆ. 'ಫುಜಿ' ಎಂಬ ಹೂಬಳ್ಳಿ, 'ಕಟಬಾಮಿ' ಎಂಬ ಮೂರೆಲೆಯ ಹುಳಿಸೊಪ್ಪು, 'ಕಿರಿ' ಮರದ ಎಲೆ ಮತ್ತು ಹೂ ಇಂಥವು. ಕಿರಿಯ ಒಂದು ರೂಪವನ್ನಂತೂ ಬಾಡಿಗೆಗೆ ಕೊಡುವ ಉಡುಪುಗಳ ಮೇಲೂ ಹಾಕುತ್ತಾರೆ. ಅಜ್ಜನ ಮದುವೆಯ ಭಾವಚಿತ್ರದಲ್ಲಿ ಅದು ಕಂಡರೆ ಅವನ ಮನೆಯದೆಂದು ನಿರ್ಧರಿಸುವಂತಿಲ್ಲ. ಎರಡನೆಯದಾಗಿ, ಒಂದೇ ಮನೆತನದಲ್ಲಿ ಹಲವು ಲಾಂಛನಗಳಿರಬಹುದು. ಒಸಾಕ, ಕ್ಯೋತೊಗಳ ಕಡೆ ತಾಯಿಯಿಂದ ಮಗಳಿಗೆ ಬರುವ 'ಒನ್ನಮೊನ್' ಎಂಬ ಬೇರೊಂದು ಲಾಂಛನವೇ ಉಂಟು. ಮೂರನೆಯದಾಗಿ, ಲಾಂಛನ ಮನೆಗೆ ಸೇರಿದ್ದು, ರಕ್ತಕ್ಕಲ್ಲ. ಗಂಡುಮಕ್ಕಳಿಲ್ಲದ ಮನೆಯವರು ಅಳಿಯನನ್ನೇ ದತ್ತು ತೆಗೆದುಕೊಳ್ಳುವ ಪದ್ಧತಿ ಅಲ್ಲಿ ಬಹಳ ರೂಢಿಯಲ್ಲಿತ್ತು. ಆತ ಆ ಮನೆಯ ಹೆಸರನ್ನೂ ಲಾಂಛನವನ್ನೂ ಹೊತ್ತು ಮುಂದುವರಿಯುತ್ತಿದ್ದನು.

ಹಾಗಾದರೆ ಶೋಧನೆಗೆ ಆಧಾರವೇನು? 'ಕೊಸೆಕಿ' ಎಂಬ ಕುಟುಂಬದ ದಾಖಲೆಯೇ ಮೊದಲನೆಯದು. 1871ರಲ್ಲಿ ಇದರ ಶಾಸನವಾಗಿ, 1872ರಲ್ಲಿ ದೇಶಾದ್ಯಂತ ದಾಖಲೆ ಸಿದ್ಧವಾಯಿತು. ಜನಸಾಮಾನ್ಯರಿಗೆ 1870ರಲ್ಲಿ ಮನೆತನದ ಹೆಸರಿಟ್ಟುಕೊಳ್ಳುವ ಹಕ್ಕು ಬಂದು, 1875ರಲ್ಲಿ ಅದು ಕಡ್ಡಾಯವಾಯಿತು; ಆದುದರಿಂದ ಹೆಸರಿನ ಸಾಮ್ಯವನ್ನೂ ನಂಬಿ ಕೂರುವಂತಿಲ್ಲ. ಕೊಸೆಕಿಯಲ್ಲಿ ಜನನ, ಮದುವೆ, ದತ್ತು, ಮರಣಗಳೆಲ್ಲ ನಮೂದಾಗಿರುತ್ತವೆ. ಅದನ್ನು ಪಡೆಯಲು ಪೂರ್ವಿಕನ ಹೆಸರಿನ ಚೀನೀ ಲಿಪಿಯ ರೂಪವೂ 'ಹೊನ್ಸೆಕಿ' ಎಂಬ ಮೂಲ ವಿಳಾಸವೂ ತಿಳಿದಿರಬೇಕು. ಹಳೆಯ ಪಾಸ್‌ಪೋರ್ಟು, ಕಾಗದಪತ್ರ, ವಲಸೆಹೋದ ನಾಡಿನ ಗೋರಿಕಲ್ಲು ಇವುಗಳಲ್ಲಿ ಅದು ಸಿಗಬಹುದು. ಈಗ ದೊರೆಯುವ ಅತಿ ಹಳೆಯ ದಾಖಲೆ 1886ರ ನಮೂನೆಯದು. ರದ್ದಾದ ದಾಖಲೆಗಳನ್ನು ಹಿಂದೆ 80 ವರ್ಷ ಮಾತ್ರ ಕಾಪಾಡಬೇಕಾಗಿತ್ತು. 2010ರಲ್ಲಿ ಆ ಅವಧಿ 150 ವರ್ಷಕ್ಕೇರಿತು. ಅಷ್ಟರಲ್ಲಿ ನಾಶವಾದುವು ಮರಳಿ ಬರುವಂತಿಲ್ಲ.

ಅದಕ್ಕೂ ಹಿಂದಿನ ಕಾಲಕ್ಕೆ ಬೌದ್ಧ ದೇವಾಲಯವೇ ಗತಿ. 17ನೆಯ ಶತಮಾನದಲ್ಲಿ ಕ್ರೈಸ್ತಮತವನ್ನು ನಿಷೇಧಿಸಿದ ತೊಕುಗಾವ ಸರ್ಕಾರ, ಪ್ರತಿಯೊಂದು ಕುಟುಂಬವೂ ತಾನು ಕ್ರೈಸ್ತವಲ್ಲವೆಂದು ಒಂದು ದೇವಾಲಯದಿಂದ ದೃಢೀಕರಣ ಪಡೆಯಬೇಕೆಂದು ವಿಧಿಸಿತು. ಆ ದೇವಾಲಯಗಳ 'ಕಕೊಚೊ' ಎಂಬ ಪುಸ್ತಕದಲ್ಲಿ ತೀರಿಕೊಂಡವರ ಧರ್ಮನಾಮವೂ ಮರಣದ ದಿನವೂ ಬರೆದಿರುತ್ತವೆ. ಕೊಸೆಕಿಯಿಂದ ಊರು, ಊರಿನಿಂದ ದೇವಾಲಯ, ದೇವಾಲಯದಿಂದ ಗೋರಿ: ಈ ಕ್ರಮದಲ್ಲಿ ಹೋದವನಿಗೆ ಗೋರಿಕಲ್ಲಿನ ಮೇಲೆ ಲಾಂಛನ ಕಾಣಿಸುತ್ತದೆ. ಹಾಗೆ ಕಂಡಾಗಲೇ ಅದಕ್ಕೆ ಪ್ರಾಮಾಣ್ಯ.

ಈ ದಾಖಲೆಗಳಿಗೆ ಇನ್ನೊಂದು ಮುಖವೂ ಉಂಟು. ಬುರಾಕು ಜನರೆಂದು ಈಗ ಕರೆಯಲ್ಪಡುವ, ಹಿಂದೆ ಅಸ್ಪೃಶ್ಯರಂತೆ ಕಾಣಲ್ಪಡುತ್ತಿದ್ದ ವರ್ಗಗಳ ಹೀನನಾಮಗಳನ್ನು 1871ರ ಆಜ್ಞೆ ರದ್ದುಪಡಿಸಿತು. ಆದರೂ 1872ರ ದಾಖಲೆಯ ಕೆಲವು ನಮೂದುಗಳಲ್ಲಿ ಹಳೆಯ ಅಂತಸ್ತಿನ ಗುರುತು ಉಳಿದುಕೊಂಡಿತು. ಮದುವೆ, ಉದ್ಯೋಗಗಳ ಸಂದರ್ಭದಲ್ಲಿ ವಂಶವನ್ನು ಕೆದಕಿ ಜನರನ್ನು ದೂರವಿಡಲು ಇಂಥ ದಾಖಲೆಗಳು ಸಾಧನವಾದುವು. ಆದುದರಿಂದ 1968ರಲ್ಲಿ ಆ ದಾಖಲೆಯನ್ನು ಮುಚ್ಚಲಾಯಿತು. ಬುರಾಕು ಊರುಗಳ ಪಟ್ಟಿಯ ಪುಸ್ತಕಗಳನ್ನು ಗುಟ್ಟಾಗಿ ವ್ಯಾಪಾರಸಂಸ್ಥೆಗಳಿಗೆ ಮಾರುತ್ತಿದ್ದ ಸಂಗತಿ 1975ರಲ್ಲಿ ಬಯಲಾಯಿತು. 1976ರ ತಿದ್ದುಪಡಿ ಕೊಸೆಕಿಯನ್ನು ಯಾರು ಬೇಕಾದರೂ ನೋಡಬಹುದೆಂಬ ನಿಯಮವನ್ನು ತೆಗೆದುಹಾಕಿತು. ಸತ್ತವರ ಧರ್ಮನಾಮದಲ್ಲಿಯೂ ಹೀನಾರ್ಥದ ಅಕ್ಷರಗಳನ್ನು ಸೇರಿಸಿದ್ದುದು ಬೆಳಕಿಗೆ ಬಂದ ಮೇಲೆ, ಕಕೊಚೊವನ್ನು ಹೊರಗಿನವರಿಗೆ ತೋರಿಸುವುದಕ್ಕೂ ಕಟ್ಟುಪಾಡು ಬಂದಿತು.

ಈ ನಿರ್ಬಂಧಗಳಿಂದ ಇತಿಹಾಸಕ್ಕೆ ನಷ್ಟವಾಯಿತೆಂದು ಕೆಲವರಿಗೆ ತೋರಬಹುದು. ನಷ್ಟವಾದುದು ನಿಜವೇ. ಆದರೆ ಸತ್ತವರ ವಂಶವನ್ನು ಅರಿಯುವ ಕುತೂಹಲಕ್ಕಿಂತ ಬದುಕಿರುವವರ ಮಾನ ದೊಡ್ಡದೆಂದು ನಾವು ತಿಳಿಯುತ್ತೇವೆ. ನೇರ ವಂಶದವರಿಗೆ ಕೊಸೆಕಿಯ ಬಾಗಿಲು ಇಂದಿಗೂ ತೆರೆದೇ ಇದೆ. ಅದನ್ನು ಪ್ರವೇಶಿಸುವವನು ಸಾಮುರಾಯಿಯ ಲಾಂಛನವನ್ನೇ ಅರಸದೆ, ಕಂಡವನು ರೈತನೇ ಆಗಲಿ, ದತ್ತಕನೇ ಆಗಲಿ, ಊರಾಚೆ ನಿಲ್ಲಿಸಲ್ಪಟ್ಟವನೇ ಆಗಲಿ, ಅವನನ್ನೇ ತನ್ನ ಪೂರ್ವಿಕನೆಂದು ಒಪ್ಪಲು ಸಿದ್ಧನಾಗಿರಬೇಕು. ಆ ಸಿದ್ಧತೆಯಿಲ್ಲದ ಶೋಧನೆ ಇತಿಹಾಸವೆನಿಸದು.