ಮೂರನೆಯ ಬಾಗಿಲು

ಮಹಾಪುರುಷರು ಹುಟ್ಟುತ್ತಲೇ ಎಲ್ಲವನ್ನೂ ಅರಿತಿದ್ದರೆಂದು ಭಾವಿಸುವ ವಾಡಿಕೆ ನಮ್ಮಲ್ಲುಂಟು. ಆದರೆ ನ್ಯಾಯಬುದ್ಧಿಯೂ ಕ್ರಮವಾಗಿ ಬೆಳೆಯತಕ್ಕದ್ದು. ಇದಕ್ಕೆ ದಕ್ಷಿಣ ಆಫ್ರಿಕದ ವಿಷಯದಲ್ಲಿ ಗಾಂಧೀಜಿಯವರು ತಳೆದ ನಿಲುವುಗಳೇ ನಿದರ್ಶನ.

1893ರಲ್ಲಿ ವ್ಯಾಜ್ಯವೊಂದರ ನಿಮಿತ್ತ ಡರ್ಬನ್ನಿಗೆ ಬಂದಿಳಿದ ಈ ತರುಣ ಬ್ಯಾರಿಸ್ಟರರು ಮರುವರ್ಷವೇ ನೇಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಸ್ಥಾಪಿಸಿದರು. ಆಗ ಅಲ್ಲಿಯ ಅಂಚೆ ಕಚೇರಿಗೆ ಎರಡು ಬಾಗಿಲುಗಳು: ಒಂದು ಬಿಳಿಯರಿಗೆ, ಇನ್ನೊಂದು ಭಾರತೀಯರಿಗೂ ಆಫ್ರಿಕನರಿಗೂ ಕೂಡಿ. ಕಾಂಗ್ರೆಸ್ಸು ಇದನ್ನು ಕುರಿತು ಸರಕಾರಕ್ಕೆ ಬರೆಯಿತು. ಭೇದವೇನೂ ಹೋಗಲಿಲ್ಲ; ಮೂರು ಜನಾಂಗಗಳಿಗೆ ಮೂರು ಬಾಗಿಲುಗಳಾದುವು! 1895ರ ವರದಿಯಲ್ಲಿ ಗಾಂಧೀಜಿಯವರು ಈ ಫಲಿತಾಂಶದ ಬಗೆಗೆ ಬಹುಮಟ್ಟಿಗೆ ಸಮಾಧಾನವನ್ನೇ ಸೂಚಿಸಿದರು. ಆ ಕಾಲದ ಅವರ ಬರಹಗಳಲ್ಲಿ ಆಫ್ರಿಕನರನ್ನು ಹಗುರಾಗಿ ಕಾಣುವ ಮಾತುಗಳೂ ಇವೆ. ಅವನ್ನು ಮುಚ್ಚಿಡುವುದು ಚರಿತ್ರೆಗೆ ಸಲ್ಲದು.

1906ರಲ್ಲಿ ತಲೆಗಂದಾಯವನ್ನು ವಿರೋಧಿಸಿ ಜೂಲೂ ಜನರು ದಂಗೆಯೆದ್ದರು. ಸಾಮ್ರಾಜ್ಯದ ಮೇಲಿನ ನಿಷ್ಠೆಯಿಂದ ಗಾಂಧೀಜಿಯವರು ಡೋಲಿ ಹೊರುವ ತಂಡವೊಂದನ್ನು ಕಟ್ಟಿಕೊಂಡು ಸರಕಾರದ ಪಕ್ಷದಲ್ಲಿ ಹೊರಟರು. ಆದರೆ ಅವರ ಪಾಲಿಗೆ ಬಂದುದು ಬಿಳಿಯರು ಉಪಚರಿಸಲೊಲ್ಲದ ಜೂಲೂಗಳ ಶುಶ್ರೂಷೆ. ಅನೇಕರ ಬೆನ್ನ ಮೇಲಿದ್ದುದು ಛಡಿಯೇಟಿನ ಹುಣ್ಣುಗಳು. ತಾವು ಕಂಡದ್ದನ್ನು ಯುದ್ಧವೆನ್ನಲು ಮುಂದೆ ಆತ್ಮಕಥೆಯನ್ನು ಬರೆಯುವಾಗ ಅವರ ಮನಸ್ಸು ಒಪ್ಪಲಿಲ್ಲ.

ಆದರೂ ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. 1908ರ ಆದಿಯಲ್ಲಿ, ಸೆರೆಮನೆಯಲ್ಲಿ ತಮ್ಮನ್ನು ಆಫ್ರಿಕನರ ಸಾಲಿಗೆ ಸೇರಿಸಿದರೆಂದು ನೊಂದವರು, ಅದೇ ಮೇ ತಿಂಗಳಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಎಲ್ಲ ಜನಾಂಗಗಳೂ ಬೆರೆತು ಬಾಳುವ ನಾಡಿನ ಕನಸನ್ನು ಮುಂದಿಟ್ಟರು. 1939ರಲ್ಲಿಯೂ ಭಾರತೀಯರ ಮತ್ತು ಆಫ್ರಿಕನರ ಹೋರಾಟಗಳು ಬೇರೆ ಬೇರೆಯಾಗಿರುವುದೇ ಲೇಸೆಂದಿದ್ದರು. ಕೊನೆಗೆ 1947ರ ಮಾರ್ಚಿಯಲ್ಲಿ ಆಫ್ರಿಕನರ ನಾಯಕರಾದ ಡಾ. ಜೂಮಾ ಅವರೂ ಭಾರತೀಯರ ನಾಯಕರಾದ ಡಾ. ನಾಯ್ಕರ್, ಡಾ. ದಾದೂ ಅವರೂ ಒಂದಾಗಿ ಹೋರಾಡುವ ಒಪ್ಪಂದಕ್ಕೆ ರುಜು ಹಾಕಿದರು. ಸತ್ಯಾಹಿಂಸೆಗಳ ತಳಹದಿಯಿದ್ದರೆ ಶೋಷಿತರ ಇಂಥ ಸಹಕಾರದಿಂದ ಎಲ್ಲರಿಗೂ ಒಳಿತೆಂದು ಗಾಂಧೀಜಿಯವರು ಅದೇ ಮೇ ತಿಂಗಳಲ್ಲಿ ಹರಸಿದರು.

ಹೊಟ್ಟೆಪಾಡಿಗಾಗಿ ತಾಯ್ನಾಡನ್ನು ಬಿಟ್ಟು ಬಂದ ನಮಗೆ ಈ ಚರಿತ್ರೆ ದೂರದ್ದಲ್ಲ. ನಮ್ಮ ಮಕ್ಕಳಿಗೆ ಕನ್ನಡ ಕಲಿಸಿರಿ, ನಮ್ಮ ಸಂಘಕ್ಕೆ ನೆಲೆ ಕೊಡಿರಿ ಎಂದು ಕೇಳುವುದು ನ್ಯಾಯವೇ ಸರಿ. ಆದರೆ ನಮಗೊಂದು ಬಾಗಿಲು ತೆರೆದಾಗ, ಹಳೆಯ ಬಾಗಿಲಿನಲ್ಲಿ ಇನ್ನಾರು ನಿಂತಿರುವರೆಂದು ತಿರುಗಿ ನೋಡುವುದೂ ನಮ್ಮ ಕರ್ತವ್ಯ. ಗಾಂಧೀಜಿಯಂಥವರಿಗೇ ಇದಕ್ಕೆ ಐವತ್ತು ವರ್ಷಗಳು ಬೇಕಾದುವು. ರಾಜ್ಯೋತ್ಸವದ ಈ ಶುಭದಿನದಿಂದಲೇ ನಾವು ಆರಂಭಿಸೋಣ.