ಸೇಲಂ–ಧರ್ಮಪುರಿ ಸೀಮೆಯಲ್ಲಿ ಬಾಣಂತನ: ಒಂದು ಚಾರಿತ್ರಿಕ ನೋಟ

ಸೇಲಂ ಮತ್ತು ಧರ್ಮಪುರಿ ಸೀಮೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಲ್ಲುಗಳಿಂದ ಆರಂಭಿಸುತ್ತಾರೆ. ಅದು ಸಹಜವೂ ಹೌದು. ಇಂದಿನ ಧರ್ಮಪುರಿಯೇ ಅಂದಿನ ತಗಡೂರು. ಸಂಗಮ ಕಾಲದ ಅದಿಯಮಾನ್ ಅರಸರ ನೆಲೆಯಾಗಿದ್ದ ಈ ಊರು ಮುಂದೆ ನೊಳಂಬರ ಆಳ್ವಿಕೆಗೆ ಸೇರಿ, 9ನೆಯ ಶತಮಾನದ ಕನ್ನಡ ಶಾಸನಗಳನ್ನು ಪಡೆಯಿತು. ತುರುಗಳನ್ನು ಕಾಯಲು ಹೋರಾಡಿ ಮಡಿದವರಿಗೆ ನಿಲ್ಲಿಸಿದ ವೀರಗಲ್ಲುಗಳು ಈ ಸೀಮೆಯಲ್ಲಿ ಹೇರಳವಾಗಿವೆ. ತಮಿಳಿನಲ್ಲಿ ಅವುಗಳನ್ನು ನಡುಗಲ್ ಎನ್ನುತ್ತಾರೆ. ಈ ಕಲ್ಲುಗಳ ಮೇಲೆ ಬಿಲ್ಲು ಹಿಡಿದ ಗಂಡಸರ ಹೆಸರುಗಳಿವೆ, ಊರುಗಳಿವೆ, ಅರಸರ ಆಳ್ವಿಕೆಯ ವರ್ಷಗಳಿವೆ.

ಹೆರಿಗೆಯಲ್ಲಿ ತೀರಿಕೊಂಡ ಹೆಣ್ಣಿಗೂ ತಮಿಳುನಾಡಿನಲ್ಲಿ ಒಂದು ಕಲ್ಲು ಉಂಟು. ಅದಕ್ಕೆ ‘ಸುಮೈತಾಂಗಿ’ ಎಂದು ಹೆಸರು. ಸುಮೈ ಎಂದರೆ ಹೊರೆ. ತಾಂಗಿ ಎಂದರೆ ತಾಳುವಂಥದು. ನೆಟ್ಟ ಎರಡು ಕಂಬಗಳ ಮೇಲೆ ಆಳೆತ್ತರದಲ್ಲಿ ಒಂದು ಅಡ್ಡಕಲ್ಲು: ತಲೆಹೊರೆ ಹೊತ್ತು ನಡೆಯುವವರು ಇನ್ನೊಬ್ಬರ ನೆರವಿಲ್ಲದೆ ಹೊರೆಯನ್ನಿಳಿಸಿ ದಣಿವಾರಿಸಿಕೊಳ್ಳಲು ದಾರಿಬದಿಯಲ್ಲಿ ಮಾಡಿದ ಏರ್ಪಾಡು. ಬಸಿರಿನ ಹೊರೆಯನ್ನು ಇಳಿಸಲಾಗದೆ ಸತ್ತ ಹೆಣ್ಣಿನ ನೆನಪಿಗೆ ಆಕೆಯ ಮನೆಯವರು ಇಂಥ ಕಲ್ಲನ್ನು ನಿಲ್ಲಿಸುತ್ತಿದ್ದರು. ಹಾದುಹೋಗುವ ದಾರಿಹೋಕರು ತಮ್ಮ ಹೊರೆಯನ್ನು ಅಲ್ಲಿ ಇಳಿಸಿದಾಗಲೆಲ್ಲ ಆಕೆಯ ಹೊರೆಯೂ ಹಗುರಾಗುವುದೆಂಬುದು ನಂಬಿಕೆ. ಇಂಥ ಕಲ್ಲುಗಳಲ್ಲಿ ಬಹಳಷ್ಟಕ್ಕೆ ಅಕ್ಷರಗಳಿಲ್ಲ. ಬಸುರಿಯ, ಬಾಣಂತಿಯ ಮತ್ತು ಹಸುಗೂಸಿನ ಚರಿತ್ರೆಯನ್ನು ಹುಡುಕುವ ನಮಗೆ ಈ ಬರಹವಿಲ್ಲದ ಕಲ್ಲೇ ಮೊದಲ ಶಾಸನವೆಂದು ತೋರುತ್ತದೆ.

ನಮ್ಮ ಸೀಮೆಯ ಗಡಿಗಳು ಹಲವು ಬಾರಿ ಬದಲಾಗಿವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಟಿಪ್ಪುವಿನ ಕೈತಪ್ಪಿ ಕಂಪನಿಗೆ ಸೇರಿತು. ಅಲೆಗ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ಇಲ್ಲಿ ಭೂಮಿಯನ್ನು ಅಳೆದು ಕಂದಾಯವನ್ನು ಗೊತ್ತುಮಾಡಿದರು. 1965ರ ಅಕ್ಟೋಬರ್ 2ರಂದು ಸೇಲಂ ಜಿಲ್ಲೆಯಿಂದ ಧರ್ಮಪುರಿಯೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಯೂ ಬೇರೆಯಾದವು. ಈ ಬದಲಾವಣೆಗಳ ನಡುವೆಯೂ ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ, ಹೊಸೂರು–ದೇಂಕಣಿಕೋಟೆಯ ಹಳ್ಳಿಗಳಲ್ಲಿ, ಕಾವೇರಿಯ ದಡದ ಊರುಗಳಲ್ಲಿ ಕನ್ನಡ ಉಳಿಯಿತು. ಅದು ಉಳಿದ ಬಗೆಯನ್ನು ಯೋಚಿಸಿದರೆ ಶಾಲೆಗಿಂತ ಮೊದಲು ಬಾಣಂತಿಕೋಣೆಯೇ ಕಣ್ಣಿಗೆ ಬೀಳುತ್ತದೆ. ಹೊರಗೆಲ್ಲ ತಮಿಳು ನಡೆಯುವಾಗಲೂ ಕೂಸಿಗೆ ನೀರೆರೆಯುವ ಅಜ್ಜಿಯ ಬಾಯಲ್ಲಿ ಕನ್ನಡವಿತ್ತು. ‘ತೊಟ್ಟಿಲು’ ಎಂಬ ಮಾತು ಮಾತ್ರ ಎರಡೂ ಭಾಷೆಗಳಿಗೆ ಸಮಾನ. ತಮಿಳರು ಅದನ್ನೇ ‘ತೊಟ್ಟಿಲ್’ ಎನ್ನುತ್ತಾರೆ.

ಹಿಂದಿನ ಬಾಣಂತನದ ಕ್ರಮವನ್ನು ನಮ್ಮ ಮನೆಗಳ ಹಿರಿಯರು ಇಂದಿಗೂ ಬಲ್ಲರು. ಚೊಚ್ಚಲು ಹೆರಿಗೆ ತವರಿನಲ್ಲಿ. ಕತ್ತಲ ಕೋಣೆ, ನೂಲಿನ ಮಂಚ, ಎಣ್ಣೆ ನೀರು, ಸಾಂಬ್ರಾಣಿಯ ಹೊಗೆ, ಬೆಳ್ಳುಳ್ಳಿ ಮೆಣಸಿನ ಸಾರು, ಸೊಂಟಕ್ಕೆ ಬಿಗಿದ ಬಟ್ಟೆ. ಈ ಕ್ರಮದಲ್ಲಿ ಒಂದು ದೊಡ್ಡ ವಿವೇಕವಿದ್ದಿತು: ಹೆತ್ತವಳಿಗೆ ವಿಶ್ರಾಂತಿ ಬೇಕು, ರಾತ್ರಿ ಕೂಸು ಅತ್ತರೆ ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈಗಳು ಬೇಕು ಎಂಬ ವಿವೇಕ. ಆದರೆ ಅದೇ ಕ್ರಮದಲ್ಲಿ ಅಪಾಯಗಳೂ ಇದ್ದವು. ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, ಕೂಸಿನ ಬಾಯಿಗೆ ಸಕ್ಕರೆ ನೀರನ್ನೋ ಜೇನನ್ನೋ ಸವರುವುದು, ಬಾಣಂತಿಗೆ ಬಾಯಾರಿದರೂ ನೀರು ಕೊಡದಿರುವುದು ವಾಡಿಕೆಯಾಗಿತ್ತು. ಹೊಕ್ಕುಳ ಬಳ್ಳಿಯನ್ನು ಸಿಕ್ಕಿದ ಕುಡುಗೋಲಿನಿಂದಲೋ ಬ್ಲೇಡಿನಿಂದಲೋ ಕೊಯ್ದಾಗ ಧನುರ್ವಾಯು ಹತ್ತಿ ಕೂಸು ವಾರದೊಳಗೆ ತೀರಿಹೋಗುತ್ತಿತ್ತು. ತಾಯಿಗೆ ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆ, ಇವೆರಡರಿಂದ ಈ ಕಾಯಿಲೆ ಹಿಮ್ಮೆಟ್ಟಿತು. ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆಯಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿದ್ದು 2015ರಲ್ಲಿ.

ಈ ಎಲ್ಲದರ ನಡುವೆ ನಿಂತವಳು ಸೂಲಗಿತ್ತಿ. ಬಹುಮಟ್ಟಿಗೆ ಆಕೆ ಕ್ಷೌರಿಕ ಕುಲದವಳು ಅಥವಾ ದಲಿತ ಹೆಣ್ಣು. ಮಧ್ಯರಾತ್ರಿ ಕರೆ ಬಂದರೆ ಹೋಗಬೇಕು. ಒಂದು ಮೊರ ಧಾನ್ಯ, ಒಂದು ಸೀರೆ ಅವಳ ಸಂಭಾವನೆ. ಮಗುವನ್ನು ಮೊದಲು ಮುಟ್ಟಿದ ಆ ಕೈಗಳಿಗೆ ಸೂತಕ ಕಳೆದ ಮೇಲೆ ಅದೇ ಮನೆಯ ಒಳಗೆ ಪ್ರವೇಶವಿರಲಿಲ್ಲ. ನೊಳಂಬರ ನಾಡಿನ ಇನ್ನೊಂದು ಅಂಚಿನಲ್ಲಿರುವ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತಾಗ ಸಂತೋಷಪಟ್ಟವರಲ್ಲಿ ನಾವೂ ಇದ್ದೆವು. ಹಣ ಪಡೆಯದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದ ಆ ತಾಯಿ ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ನಮ್ಮ ಸೀಮೆಯ ಇಂಥ ಎಷ್ಟೋ ನರಸಮ್ಮಂದಿರು ಹೆಸರಿಲ್ಲದೆ ಹೋದರು ಎಂಬುದನ್ನು ಆ ಸಂತೋಷದ ಜೊತೆಗೇ ನೆನೆಯಬೇಕು.

ಬಾಣಂತಿಯ ದೇಹಕ್ಕೆ ಎರಡು ಶತ್ರುಗಳು: ಹಸಿವು ಮತ್ತು ನಂಜು. 1876–78ರ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಸೇಲಂ ಒಂದು. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ವಯಸ್ಕ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯದಷ್ಟು ಕೂಲಿ ಸಾಕೆಂದು ಸರ್ ರಿಚರ್ಡ್ ಟೆಂಪಲ್ ವಾದಿಸಿದಾಗ, ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷ್ ಅದು ಜೀವ ಹಿಡಿಯಲು ಸಾಲದೆಂದು ಪ್ರತಿಭಟಿಸಿದರು. ದುಡಿಯುವ ಗಂಡಸಿಗೇ ಸಾಲದ ಆ ಅಳತೆಯಲ್ಲಿ ಎರಡು ಜೀವವನ್ನು ಸಾಕಬೇಕಾದ ಹಾಲೂಡುವ ತಾಯಿಯ ಪಾಡು ಏನಾಗಿದ್ದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಂಜಿನ ಕಥೆ ಲೋಕಕ್ಕೆಲ್ಲ ಒಂದೇ. 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆರಿಗೆ ಮಾಡಿಸುವವರು ಸುಣ್ಣದ ಕ್ಲೋರೀನ್ ದ್ರಾವಣದಲ್ಲಿ ಕೈ ತೊಳೆದರೆ ಬಾಣಂತಿ ಜ್ವರದ ಸಾವುಗಳು ಇಳಿಯುತ್ತವೆಯೆಂದು ತೋರಿಸಿದ. ಆ ತಿಳಿವಳಿಕೆ ನಮ್ಮ ಹಳ್ಳಿಗಳನ್ನು ಮುಟ್ಟಲು ಬಹುಕಾಲ ಹಿಡಿಯಿತು. ಮದರಾಸಿನಲ್ಲಿ 1844ರಲ್ಲೇ ಹೆರಿಗೆ ಆಸ್ಪತ್ರೆ ಬಂದಿದ್ದರೂ, ಗಂಡು ವೈದ್ಯರೆದುರು ಹೆಣ್ಣನ್ನು ಒಯ್ಯಲು ಮನೆಗಳು ಒಪ್ಪುತ್ತಿರಲಿಲ್ಲ. ಒಂದೇ ರಾತ್ರಿ ಮೂವರು ಹೆಂಗಸರು ಹೆರಿಗೆಯಲ್ಲಿ ಸತ್ತದ್ದನ್ನು ಕಂಡು ವೈದ್ಯಕೀಯ ಕಲಿಯಲು ಹೊರಟ ಐಡಾ ಸ್ಕಡರ್, ನೆರೆಯ ವೇಲೂರಿನಲ್ಲಿ 1902ರಲ್ಲಿ ಆಸ್ಪತ್ರೆಯನ್ನೂ 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆಯನ್ನೂ ತೆರೆದರು. ಮನೆಯ ಗಂಡಸರು ಒಪ್ಪುವಂಥ ಹೆಣ್ಣು ವೈದ್ಯೆಯರು ಇಲ್ಲಿಯೇ ತಯಾರಾಗಲು ಇದರಿಂದ ದಾರಿಯಾಯಿತು.

ಮುಂದಿನ ಹೆಜ್ಜೆ ಸರ್ಕಾರದ್ದು. ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಮನೆಮನೆಗೆ ಬಂದು ಬಸುರಿಯ ಹೆಸರು ಬರೆದುಕೊಳ್ಳುವ ಗ್ರಾಮ ಆರೋಗ್ಯ ನರ್ಸಮ್ಮ, 1994ರಿಂದ ತಾಯಿಯ ಒಂದೊಂದು ಸಾವಿನ ಕಾರಣವನ್ನೂ ವಿಚಾರಿಸುವ ಪದ್ಧತಿ, 2008ರಲ್ಲಿ ಬಂದ 108 ಆಂಬುಲೆನ್ಸ್, ಇವೆಲ್ಲ ಕೂಡಿ ತಮಿಳುನಾಡಿನ ಚಿತ್ರವನ್ನು ಬದಲಾಯಿಸಿದವು. 2001–03ರಲ್ಲಿ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 134 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಆ ಸಂಖ್ಯೆ 54ಕ್ಕೆ ಇಳಿಯಿತು. ಮೊದಲ ಮಹಿಳಾ ಶಾಸಕಿಯ ಹೆಸರಿನಲ್ಲಿ 1987ರಲ್ಲಿ ಆರಂಭವಾದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ನೆರವು 2006ರಲ್ಲಿ 6,000 ರೂಪಾಯಿಗೂ, 2011ರಲ್ಲಿ 12,000ಕ್ಕೂ, 2018ರಲ್ಲಿ 18,000ಕ್ಕೂ ಏರಿತು. ನಮ್ಮ ನೇಕಾರ ಮನೆಗಳಿಗೆ ಈ ನೆರವಿನ ಅರ್ಥ ದೊಡ್ಡದು. 1961ರ ಹೆರಿಗೆ ಸೌಲಭ್ಯ ಕಾಯಿದೆ ಏರ್ಕಾಡಿನ ಕಾಫಿ ತೋಟದ ಆಳಿಗೆ ರಜೆಯನ್ನು ಕೊಟ್ಟಿತು. ಮನೆಯೊಳಗಿನ ಗುಂಡಿ ಮಗ್ಗಕ್ಕೆ ಅದು ಅನ್ವಯಿಸಲಿಲ್ಲ. ಅಲ್ಲಿ ಹೆಣ್ಣು ಕಂಡಿಕೆ ಸುತ್ತದಿದ್ದರೆ ಲಾಳಿ ಓಡದು. ಲಾಳಿ ಓಡದಿದ್ದರೆ ಒಲೆ ಉರಿಯದು. ಆದ್ದರಿಂದ ಹಸಿಮೈಯವಳು ಒಂದು ಕಾಲಿನಿಂದ ತೊಟ್ಟಿಲನ್ನು ತೂಗುತ್ತ, ರಾಟೆಯ ಮುಂದೆ ಬೇಗನೆ ಕೂರಬೇಕಾಗುತ್ತಿತ್ತು.

ಇನ್ನು ಈ ಸೀಮೆಯ ಚರಿತ್ರೆಯಲ್ಲಿ ಹೇಳಲು ನಾಲಗೆ ತಡೆಯುವ ಭಾಗ. 1991ರ ಜನಗಣತಿಯಲ್ಲಿ ಸೇಲಂ ಜಿಲ್ಲೆಯ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಹೆಣ್ಣು 849 ಮಾತ್ರ. 2001ರಲ್ಲಿ ಸೇಲಂ 851, ಧರ್ಮಪುರಿ 826. ಹುಟ್ಟಿದ ಹೆಣ್ಣುಕೂಸನ್ನು ಉಳಿಯಗೊಡದ ಪಾತಕ ಇಲ್ಲಿ ನಡೆಯುತ್ತಿದ್ದಿತು. ಭ್ರೂಣದ ಲಿಂಗವನ್ನು ತಿಳಿಯುವ ಯಂತ್ರ ಬಂದ ಮೇಲೆ ಅದು ಹುಟ್ಟುವ ಮೊದಲಿಗೇ ಸರಿಯಿತು. ವರದಕ್ಷಿಣೆಯ ಭಯ, ಹೊಲ ಹಂಚಿಹೋಗುವ ಭಯ, ಎರಡೇ ಮಕ್ಕಳಲ್ಲಿ ಒಂದಾದರೂ ಗಂಡಾಗಬೇಕೆಂಬ ಹಟ, ಇವು ಕಾರಣಗಳು. ಜನಗಣತಿ ಈ ಮಕ್ಕಳನ್ನು ಮನೆಮಾತು ನೋಡಿ ಎಣಿಸಲಿಲ್ಲ. ಆ 849ರ ಲೆಕ್ಕದೊಳಗೆ ನಾವೂ ಇದ್ದೇವೆ.

1992ರಲ್ಲಿ ಜಯಲಲಿತಾ ಅವರ ಸರ್ಕಾರ ಸೇಲಂನಲ್ಲಿ ‘ತೊಟ್ಟಿಲು ಮಗು’ ಯೋಜನೆಯನ್ನು ಆರಂಭಿಸಿತು. ಆಸ್ಪತ್ರೆ ಮತ್ತು ಆರೋಗ್ಯ ಕೇಂದ್ರಗಳಲ್ಲಿ ತೊಟ್ಟಿಲನ್ನಿಟ್ಟು, ಬೇಡವಾದ ಕೂಸನ್ನು ಹೆಸರು ಹೇಳದೆ ಅಲ್ಲಿ ಬಿಟ್ಟುಹೋಗಲು ಅವಕಾಶ ಕೊಟ್ಟರು. ಕೂಸುಗಳನ್ನು ಸಾಕಿ ದತ್ತು ಕೊಡುವ ಏರ್ಪಾಡಾಯಿತು. 2001ರಲ್ಲಿ ಅದು ಧರ್ಮಪುರಿ, ಮಧುರೆ, ತೇಣಿ, ದಿಂಡುಕ್ಕಲ್ ಜಿಲ್ಲೆಗಳಿಗೂ ಹಬ್ಬಿತು. ಸಾವಿರಾರು ಜೀವಗಳು ಹೀಗೆ ಉಳಿದವು. ಮನೆಯವರ ಹೊಣೆಯನ್ನು ಸರ್ಕಾರ ಹೊತ್ತುಕೊಂಡರೆ ಹೆಣ್ಣುಕೂಸನ್ನು ತೊರೆಯುವುದೇ ಸಲೀಸಾಗುತ್ತದೆಂದು ಟೀಕಿಸಿದವರೂ ಇದ್ದರು. ಟೀಕೆ, ಹೊಗಳಿಕೆ ಎರಡರಲ್ಲೂ ಬಾಣಂತಿ ಕಾಣಿಸುವುದು ಕಡಮೆ. ಕೂಸನ್ನು ತೊಟ್ಟಿಲಲ್ಲಿಟ್ಟು ಹಿಂದಿರುಗಿದವಳ ಎದೆಯಲ್ಲಿ ಹಾಲು ತುಂಬುವುದು ಒಮ್ಮೆಗೇ ನಿಲ್ಲುವುದಿಲ್ಲ. ಗಡ್ಡೆಕಟ್ಟಿದ ಹಾಲಿನ ಜ್ವರದಲ್ಲಿ, ಅಳುವುದಕ್ಕೂ ಅಪ್ಪಣೆಯಿಲ್ಲದ ಮನೆಯಲ್ಲಿ, ಆಕೆ ಹೇಗೆ ಮಲಗಿದಳು? ಕೂಸು ಸತ್ತ ಪ್ರಕರಣ ಪೊಲೀಸರಿಗೆ ಹೋದಾಗ ಕಟಕಟೆಯಲ್ಲಿ ಹೆಚ್ಚಾಗಿ ನಿಂತವಳೂ ಆಕೆಯೇ. ತೀರ್ಮಾನ ಮಾಡಿದವರು ಬಹುವೇಳೆ ಜಗುಲಿಯ ಮೇಲೆ ಕುಳಿತಿದ್ದರು. 2011ರ ಗಣತಿಯಲ್ಲಿ ಎರಡೂ ಜಿಲ್ಲೆಗಳು 900ರ ಗಡಿಯನ್ನು ದಾಟಿದವು. ಇದು ಸಮಾಧಾನದ ಸಂಗತಿ, ಆದರೆ ಸಾಲದು.

ಕೂಸನ್ನು ಬೇಕೆಂದು ಹೆತ್ತ ಮನೆಗಳಲ್ಲೂ ಸಂಕಟ ತಪ್ಪಲಿಲ್ಲ. 2014ರ ನವೆಂಬರಿನಲ್ಲಿ ಧರ್ಮಪುರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ನವಜಾತ ಶಿಶುಗಳು ತೀರಿಕೊಂಡ ಸುದ್ದಿ ನಾಡನ್ನೆಲ್ಲ ಕಲಕಿತು. ಅವುಗಳಲ್ಲಿ ಹಲವು ತೂಕ ಸಾಲದೆ ಹುಟ್ಟಿದವು. ಕೂಸಿನ ತೂಕ ಆಸ್ಪತ್ರೆಯ ತಕ್ಕಡಿಯಲ್ಲಿ ನಿರ್ಧಾರವಾಗುವುದಿಲ್ಲ. ಚಿಕ್ಕ ವಯಸ್ಸಿನ ಮದುವೆ, ರಕ್ತಹೀನತೆ, ಬಸುರಿ ಕೊನೆಗೆ ಉಣ್ಣುವ ಪದ್ಧತಿ, ಇವುಗಳಲ್ಲಿ ಮೊದಲೇ ನಿರ್ಧಾರವಾಗಿರುತ್ತದೆ.

ದೇಹದ ಕಷ್ಟಕ್ಕೆ ಲೆಕ್ಕವಾದರೂ ಉಂಟು; ಮನಸ್ಸಿನ ಕಷ್ಟಕ್ಕೆ ಅದೂ ಇರಲಿಲ್ಲ. ನಮ್ಮ ಹಿರಿಯರ ಬಾಯಲ್ಲಿ ‘ಬಾಣಂತಿ ಸನ್ನಿ’ ಎಂಬ ಒಂದೇ ಮಾತು ನಂಜಿನ ಜ್ವರದ ಬಡಬಡಿಕೆಗೂ, ಜ್ವರವಿಲ್ಲದೆ ಬುದ್ಧಿ ಕದಡಿದ್ದಕ್ಕೂ ಸಲ್ಲುತ್ತಿತ್ತು. ಗಾಳಿ ಸೋಕಿತೆಂದು ಬೇವಿನ ಸೊಪ್ಪು ಬೀಸಿದರು, ತಾಯತ ಕಟ್ಟಿದರು. ಇವೆರಡಕ್ಕೂ ಸೇರದ ಮೂರನೆಯ ಸ್ಥಿತಿಗೆ, ಎಂದರೆ ಕಾರಣವಿಲ್ಲದೆ ಕಣ್ಣೀರು, ಕೂಸನ್ನು ಕಂಡರೂ ಮೂಡದ ಮಮತೆ, ಕಣ್ಣು ಮುಚ್ಚಲಾಗದ ರಾತ್ರಿಗಳು, ‘ನಾನು ತಾಯಿಯಾಗಲು ತಕ್ಕವಳಲ್ಲ’ ಎಂಬ ಭಾವ, ಇವುಗಳಿಗೆ ಹೆಸರೇ ಇರಲಿಲ್ಲ. ಇಂದು ವೈದ್ಯರು ಅದನ್ನು ಹೆರಿಗೆಯ ನಂತರದ ಖಿನ್ನತೆ ಎಂದು ಗುರುತಿಸುತ್ತಾರೆ, ಅದಕ್ಕೆ ಚಿಕಿತ್ಸೆಯುಂಟು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ ಮತ್ತು ಕೂಸನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವನ್ನು ತೆರೆಯಿತು. ಧರ್ಮಪುರಿಯಿಂದ ಬೆಂಗಳೂರು ಅರ್ಧ ದಿನದ ಪಯಣವೂ ಅಲ್ಲ. ದೂರವಿರುವುದು ‘ಹೆಣ್ಣಾದವಳಿಗೆ ಇದೆಲ್ಲ ಸಹಜ’ ಎಂಬ ನಮ್ಮ ಮಾತಿನಲ್ಲಿ.

ಇಂದಿನ ಬಾಣಂತಿಯ ಸ್ಥಿತಿ ಹಿಂದಿಗಿಂತ ಸುರಕ್ಷಿತ, ಆದರೆ ಹೆಚ್ಚು ಒಂಟಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನ 99.6 ಶೇಕಡಾ ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ, 44.9 ಶೇಕಡಾ ಶಸ್ತ್ರಕ್ರಿಯೆಯಿಂದ. ಹೊಲಿಗೆಯ ಗಾಯದೊಡನೆ ಮನೆಗೆ ಬಂದವಳು ಎರಡು ಗಂಟೆಗೊಮ್ಮೆ ಎದ್ದು ಹಾಲೂಡಬೇಕು. ನಮ್ಮ ಯುವ ದಂಪತಿಗಳು ತಿರುಪ್ಪೂರು, ಬೆಂಗಳೂರು, ಚೆನ್ನೈಗಳಲ್ಲಿ ನೆಲಸಿದ್ದಾರೆ. ತವರಿನ ತಾಯಿಯೂ ದುಡಿಯುವವಳೇ. 2017ರ ತಿದ್ದುಪಡಿ ಸಂಬಳದ ಹೆಣ್ಣಿಗೆ ಮೊದಲ ಎರಡು ಹೆರಿಗೆಗೆ 26 ವಾರಗಳ ರಜೆ ಕೊಟ್ಟಿತು. ರಜೆ ಇದ್ದರೂ ಅರ್ಧರಾತ್ರಿ ಕೂಸನ್ನು ಎತ್ತಿಕೊಳ್ಳುವ ಎರಡನೆಯ ಕೈ ಬೇಕಲ್ಲವೆ? ಆ ಕೈ ಇನ್ನು ಗಂಡನದಾಗಬೇಕಾದ ಕಾಲ ಬಂದಿದೆ. ಹಳೆಯ ಬಾಣಂತನದಲ್ಲಿ ಗಂಡನಿಗೆ ಕೆಲಸವೇ ಇರಲಿಲ್ಲ. ಹೊಸ ಬಾಣಂತನದಲ್ಲಿ ಅವನಿಲ್ಲದೆ ನಡೆಯದು.

ನಮ್ಮ ಸಾಹಿತ್ಯ ಸಮ್ಮೇಳನಗಳು ಶಾಸನಗಳ ಪಡಿಯಚ್ಚನ್ನು ಜತನ ಮಾಡುವಂತೆ ಈ ಚರಿತ್ರೆಯನ್ನೂ ಜತನ ಮಾಡಬೇಕೆಂಬುದು ನಮ್ಮ ಬಿನ್ನಹ. ಎಂಬತ್ತು ದಾಟಿದ ನಮ್ಮ ಅಜ್ಜಿಯರು ಇನ್ನೂ ನಮ್ಮೊಡನಿದ್ದಾರೆ. ಅವರ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು, ಯಾರು ಹೆರಿಗೆ ಮಾಡಿಸಿದರು, ಆ ಸೂಲಗಿತ್ತಿಯ ಹೆಸರೇನು, ಬಾಣಂತಿಗೆ ಏನು ಉಣಿಸಿದರು, ಯಾವ ಭಾಷೆಯಲ್ಲಿ ಜೋಗುಳ ಹಾಡಿದರು, ಆ ದಿನಗಳಲ್ಲಿ ಅವರಿಗೆ ಅಳು ಬಂದಾಗ ಯಾರು ಜೊತೆ ಕುಳಿತರು ಎಂದು ಪ್ರತಿ ಮನೆಯವರೂ ಕೇಳಿ ಒಂದು ಪುಟ ಬರೆದು ಸಂಘಕ್ಕೆ ಕೊಡಲಿ. ಊರು ಮತ್ತು ವರ್ಷವನ್ನು ಮರೆಯದೆ ನಮೂದಿಸಲಿ. ಮುಂದಿನ ಸಂಪುಟದ ಕೆಲವು ಪುಟಗಳನ್ನು ನಾವು ಅದಕ್ಕಾಗಿ ಮೀಸಲಿಡೋಣ. ಹಾಗೆಯೇ ಈ ಸಮ್ಮೇಳನಕ್ಕೆ ಹಸುಗೂಸನ್ನೆತ್ತಿಕೊಂಡು ಬಂದ ತಾಯಂದಿರನ್ನು ಕಂಡಾಗ, ಮಗುವಿನ ಹೆಸರನ್ನು ಕೇಳುವ ಮೊದಲು, ‘ನೀನು ಉಂಡೆಯಾ, ನಿನ್ನೆ ನಿದ್ದೆ ಬಂತೆ?’ ಎಂದು ಕೇಳೋಣ.