ಕಾದ ಸರಳಿನ ಲೆಕ್ಕ

ನಾನು ಈ ಶಾಲೆಯಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಮುಂದೆ ಬಿ.ಇ. ಮೆಕ್ಯಾನಿಕಲ್ ಮುಗಿಸಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಹೇಳಿದಾಗ ಮೊದಲು ನೆನಪಾದದ್ದು ಒಂಬತ್ತನೇ ತರಗತಿಯ ಒಂದು ಪ್ರಯೋಗ.

ತಾಮ್ರ ಮತ್ತು ಕಬ್ಬಿಣದ ಸರಳುಗಳಿಗೆ ಮೇಣದಿಂದ ಗುಂಡುಸೂಜಿಗಳನ್ನು ಅಂಟಿಸಿ, ಒಂದು ತುದಿಯನ್ನು ಸ್ಪಿರಿಟ್ ದೀಪದಲ್ಲಿ ಕಾಯಿಸಿದೆವು. ತಾಮ್ರದ ಸೂಜಿಗಳು ಮೊದಲು ಉದುರಿದವು. 'ತಾಮ್ರ ಉತ್ತಮ ಉಷ್ಣವಾಹಕ' ಎಂದು ನೋಟ್ಸಿನಲ್ಲಿ ಬರೆದುಕೊಂಡೆವು. ಆಗ ಮೇಷ್ಟ್ರು, "ಕಬ್ಬಿಣದ ಕೊನೆಯ ಸೂಜಿ ಇನ್ನೂ ಬಿದ್ದಿಲ್ಲ ನೋಡ್ರೋ. ಅಲ್ಲಿಗೆ ಹೋಗಬೇಕಾದ ಶಾಖ ಎಲ್ಲಿ ಹೋಯ್ತು?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಆ ಪ್ರಯೋಗಕ್ಕೆ ಇನ್ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಬಿಸಿಲಿನಲ್ಲಿ ಸಸ್ಯಗಳು ಆಮ್ಲಜನಕ ಬಿಡುತ್ತವೆ ಎಂದು ತೋರಿಸಿದ ಡಚ್ ವೈದ್ಯ ಯಾನ್ ಇಂಗನ್‌ಹೌಸ್ 1780ರ ದಶಕದಲ್ಲಿ ಇದನ್ನು ಮಾಡಿದರು. ಯೋಚನೆ ಕೊಟ್ಟವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಬೇರೆ ಬೇರೆ ಲೋಹದ ತಂತಿಗಳಿಗೆ ಮೇಣ ಬಳಿದು, ತುದಿಗಳನ್ನು ಬಿಸಿ ಎಣ್ಣೆಯಲ್ಲಿ ಅದ್ದಿ, ಮೇಣ ಎಲ್ಲಿಯವರೆಗೆ ಕರಗಿತು ಎಂದು ನೋಡಿದರು. ಬೆಳ್ಳಿ ಎಲ್ಲಕ್ಕಿಂತ ಮುಂದಿತ್ತು. ಆದರೆ ಇದರಿಂದ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತಿಳಿಯಿತೇ ಹೊರತು, ಎಷ್ಟು ಉಷ್ಣ ಹರಿಯುತ್ತದೆ ಎಂಬ ಲೆಕ್ಕ ಸಿಗಲಿಲ್ಲ.

ಆ ಲೆಕ್ಕ ಕೊಟ್ಟವರು ಫ್ರಾನ್ಸಿನ ಜೋಸೆಫ್ ಫೂರಿಯೇ. 1768ರಲ್ಲಿ ಹುಟ್ಟಿದ ಇವರು ದರ್ಜಿಯೊಬ್ಬರ ಮಗ. ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಕ್ರಾಂತಿಯ ಕಾಲದಲ್ಲಿ ಸೆರೆಮನೆ ಕಂಡರು. 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದರು. ಮರಳಿದ ಮೇಲೆ ಗ್ರೆನೋಬಲ್‌ನಲ್ಲಿ ಜಿಲ್ಲಾಧಿಕಾರಿಯಂಥ ಹುದ್ದೆ ನಿಭಾಯಿಸುತ್ತಲೇ ಕಬ್ಬಿಣದ ಬಳೆಯೊಂದನ್ನು ಕಾಯಿಸಿ, ಅದರಲ್ಲಿ ಕೊರೆದ ತೂತುಗಳಲ್ಲಿ ಥರ್ಮಾಮೀಟರ್ ಇಟ್ಟು ಅಳೆದರು.

1807ರಲ್ಲಿ ಅವರು ಪ್ಯಾರಿಸ್ಸಿನ ವಿದ್ವತ್ಸಭೆಗೆ ಪ್ರಬಂಧ ಸಲ್ಲಿಸಿದರು. ಲಗ್ರಾಂಜ್‌ರಂಥ ಹಿರಿಯ ಗಣಿತಜ್ಞರು ಅದರ ಗಣಿತವನ್ನು ಒಪ್ಪಲಿಲ್ಲ. ಮುಂದೆ ಅದೇ ಸಭೆಯ ಬಹುಮಾನ ಬಂತಾದರೂ ಜೊತೆಗೆ ಟೀಕೆಯೂ ಬಂತು. ಗ್ರಂಥ ಅಚ್ಚಾದದ್ದು 1822ರಲ್ಲಿ, ಹದಿನೈದು ವರ್ಷ ಕಾದ ನಂತರ. ಅಂದು ಆಕ್ಷೇಪಣೆಗೆ ಗುರಿಯಾದ ಅದೇ ಗಣಿತ ಇಂದು ನಮ್ಮ ಫೋನಿನಲ್ಲಿ ಹಾಡು, ಫೋಟೋಗಳನ್ನು ಕುಗ್ಗಿಸಿ ಇಡುವ ತಂತ್ರಾಂಶದ ಬೇರು.

ಫೂರಿಯೇ ನಿಯಮ ಸರಳವಾಗಿದೆ. ತಗಡಿನ ಎರಡು ಮುಖಗಳ ತಾಪದ ವ್ಯತ್ಯಾಸವನ್ನು ಅದರ ದಪ್ಪದಿಂದ ಭಾಗಿಸಿ, ಲೋಹದ ವಾಹಕತೆಯಿಂದ ಗುಣಿಸಿದರೆ ಒಂದು ಚದರ ಮೀಟರಿನಲ್ಲಿ ಪ್ರತಿ ಸೆಕೆಂಡಿಗೆ ಹಾಯುವ ಉಷ್ಣ ಸಿಗುತ್ತದೆ. ವಾಹಕತೆ ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ 200ರ ಮೇಲೆ, ಕಬ್ಬಿಣಕ್ಕೆ 80, ಸ್ಟೇನ್‌ಲೆಸ್ ಸ್ಟೀಲಿಗೆ ಕೇವಲ 15.

ಇದನ್ನು ಬಾಯಿಪಾಠ ಮಾಡಿಕೊಂಡೇ ನಾನು ಬಿ.ಇ. ಮೂರನೇ ವರ್ಷದ ವೈವಾಕ್ಕೆ ಹೋದೆ. ಒಲೆಯ ಮೇಲಿನ ಅಲ್ಯೂಮಿನಿಯಂ ಪಾತ್ರೆಯ ತಳದಲ್ಲಿ ಎಷ್ಟು ಉಷ್ಣ ಹಾಯುತ್ತದೆ ಎಂದು ಕೇಳಿದರು. ತಳದ ಅಗಲ 20 ಸೆಂ.ಮೀ., ದಪ್ಪ 2 ಮಿ.ಮೀ. ಉರಿ 1000 ಡಿಗ್ರಿ, ನೀರು 100 ಡಿಗ್ರಿ, ವ್ಯತ್ಯಾಸ 900 ಎಂದು ಹಾಕಿದೆ. ಉತ್ತರ 28 ಲಕ್ಷ ವ್ಯಾಟ್! "ಒಂದು ಒಲೆಯಿಂದ ನಿಮ್ಮೂರಿಗೆಲ್ಲ ಕರೆಂಟ್ ಕೊಡಬಹುದಲ್ಲಪ್ಪಾ" ಎಂದು ಪರೀಕ್ಷಕರು ನಕ್ಕರು. ಎಲ್ಲಿ ತಪ್ಪಿದೆ ಎಂದು ಹೇಳಲಾಗಲಿಲ್ಲ. ಕನ್ನಡ ಮಾಧ್ಯಮದಿಂದ ಬಂದದ್ದಕ್ಕೇ ಹೀಗಾಯಿತು ಎಂದು ಬಹಳ ದಿನ ಕೊರಗಿದೆ.

ಕೆಲವು ವರ್ಷಗಳ ನಂತರ ಇತಿಹಾಸ ಓದುವಾಗ ಸಮಾಧಾನವಾಯಿತು. ಫ್ರಾನ್ಸಿನ ಕ್ಲೆಮಾಂ ಎಂಬ ವಿಜ್ಞಾನಿ ತಾಮ್ರದ ತಗಡಿನ ಒಂದು ಬದಿಗೆ ಹಬೆ, ಇನ್ನೊಂದು ಬದಿಗೆ ನೀರು ಇಟ್ಟು ವಾಹಕತೆ ಅಳೆಯಲು ಹೋಗಿ, ನಿಜಕ್ಕಿಂತ ತೀರಾ ಕಡಿಮೆ ಉತ್ತರ ಪಡೆದಿದ್ದರು. ಹಬೆಯ ತಾಪವೇ ತಗಡಿನ ಒಂದು ಮುಖದ ತಾಪ, ನೀರಿನ ತಾಪವೇ ಇನ್ನೊಂದು ಮುಖದ ತಾಪ ಎಂದು ಅವರು ಹಿಡಿದಿದ್ದರು. ಲೋಹಕ್ಕೆ ಅಂಟಿ ನಿಂತ ತೆಳು ನೀರಿನ ಪದರವೇ ಬಹುಪಾಲು ವ್ಯತ್ಯಾಸವನ್ನು ನುಂಗುತ್ತದೆ ಎಂದು ಪೆಕ್ಲೆ ಎಂಬುವರು ಮುಂದೆ ತೋರಿಸಿದರು. ನನ್ನದೂ ಅದೇ ತಪ್ಪು. ಪಾತ್ರೆಗೆ ನಿಜವಾಗಿ ಸೇರುವುದು 1200 ವ್ಯಾಟ್ ಎಂದಿಟ್ಟುಕೊಂಡರೆ, ಚದರ ಮೀಟರಿಗೆ ಸುಮಾರು 38,000 ವ್ಯಾಟ್ ಆಯಿತು. ಆಗ ಅಲ್ಯೂಮಿನಿಯಂ ತಳದ ಎರಡು ಮುಖಗಳ ನಡುವಿನ ವ್ಯತ್ಯಾಸ ಅರ್ಧ ಡಿಗ್ರಿಯೂ ಇಲ್ಲ! ಉಳಿದದ್ದೆಲ್ಲ ಮುಖ್ಯವಾಗಿ ಉರಿಗೂ ತಳಕ್ಕೂ ನಡುವಿನ ಅನಿಲದ ಪದರದಲ್ಲೇ ಮುಗಿದಿರುತ್ತದೆ. ಒಂದು ಮಿ.ಮೀ. ಸ್ಟೀಲಿಗೂ ಎರಡೂವರೆ ಡಿಗ್ರಿ ಸಾಕು. ಸ್ಟೀಲ್ ಪಾತ್ರೆಯಲ್ಲಿ ಉಪ್ಪಿಟ್ಟು ತಳ ಹಿಡಿಯುವುದು ಶಾಖ ಮೇಲಕ್ಕೆ ಹಾಯದೆ ಅಲ್ಲ. ಪಕ್ಕಕ್ಕೆ ಹರಡದೆ, ಉರಿ ತಾಗಿದ ಕಡೆಯೇ ಹೆಚ್ಚು ಕಾಯುವುದರಿಂದ. ಅದಕ್ಕೇ ಕೆಲವು ಸ್ಟೀಲ್ ಪಾತ್ರೆಗಳಿಗೆ ತಾಮ್ರದ ತಳ ಹಾಕುತ್ತಾರೆ.

ಲೋಹದೊಳಗೆ ಹರಿಯುವ ಉಷ್ಣ ಬೇರೆ, ಮೇಲ್ಮೈಯಿಂದ ಹೊರಗೆ ಹೋಗುವ ಉಷ್ಣ ಬೇರೆ. ಇವೆರಡನ್ನೂ ಬಿಡಿಸಿ ಲೆಕ್ಕ ಹಾಕಿದ್ದೇ ಫೂರಿಯೇ ಅವರ ದೊಡ್ಡ ಕೆಲಸ. ನಮ್ಮ ಮೇಷ್ಟ್ರ ಪ್ರಶ್ನೆಗೂ ಉತ್ತರ ಅಲ್ಲೇ ಇತ್ತು: ಕೊನೆಯ ಸೂಜಿ ತಲುಪುವ ಮೊದಲೇ ಶಾಖ ಸರಳಿನ ಮೈಯುದ್ದಕ್ಕೂ ಗಾಳಿಗೆ ಸೋರಿಹೋಗುತ್ತಿತ್ತು. ನನ್ನನ್ನು ವೈವಾದಲ್ಲಿ ಕೆಡಿಸಿದ್ದು ಕನ್ನಡ ಮಾಧ್ಯಮವಲ್ಲ. ಕನ್ನಡದಲ್ಲೇ ಕೇಳಿದ್ದ ಆ ಪ್ರಶ್ನೆಯನ್ನು ನಾನು ಬೆನ್ನು ಹತ್ತದೆ ಬಿಟ್ಟದ್ದು.

ಕೊನೆಗೊಂದು ಮಾತು. ಫೂರಿಯೇ ಅವರ ಉಷ್ಣದ ಲೆಕ್ಕವನ್ನೇ ಮಾದರಿಯಾಗಿಟ್ಟುಕೊಂಡು 1827ರಲ್ಲಿ ವಿದ್ಯುತ್ ಪ್ರವಾಹದ ನಿಯಮ ಬರೆದವರು ಜಾರ್ಜ್ ಓಮ್. ಹತ್ತನೇ ತರಗತಿಯ ಮಕ್ಕಳು ಇಂದಿಗೂ ಓದುವ ಓಮ್‌ನ ನಿಯಮ ಅದೇ. ಅವರು ಕಲೋನ್ ನಗರದಲ್ಲಿ ಒಬ್ಬ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಐವತ್ತು ವರ್ಷ ಊರಿನ ಮಕ್ಕಳಿಗೆ ಪ್ರಶ್ನೆ ಕೇಳುತ್ತಾ ಬಂದ ನಮ್ಮ ಶಾಲೆಯ ಎಲ್ಲ ಗುರುಗಳಿಗೂ ತಡವಾಗಿ ಬಂದ ಈ ಉತ್ತರದೊಂದಿಗೆ ನನ್ನ ನಮಸ್ಕಾರ.